ಕತ್ತಿ ಇದೆ, ವರಸೆ ಎಲ್ಲಿ?

ಟೇಕ್ವಾಂಡೋ ಕ್ಲಾಸಿಗೆ ಒಂದು ತಿಂಗಳಾದರೂ ಹೋದವರಿಗೆ ಎರಡು ವಿಷಯ ಗ್ಯಾರಂಟಿ ಗೊತ್ತಿರುತ್ತೆ. ಒಂದು, ಹಾನಾ, ದುಲ್, ಸೆತ್ ಅಂತ ಕೊರಿಯನ್ ಭಾಷೆಯಲ್ಲಿ ಹತ್ತರವರೆಗೆ ಎಣಿಸೋದು. ಇನ್ನೊಂದು, "ಇದು ಎರಡು ಸಾವಿರ ವರ್ಷ ಹಳೇ ವಿದ್ಯೆ" ಅನ್ನೋ ಮಾತು. ಎಣಿಕೆ ಸರಿಯಾಗೇ ಇದೆ. ವರ್ಷದ ಲೆಕ್ಕ ಸರಿ ಇಲ್ಲ. ಇವತ್ತಿನ ಟೇಕ್ವಾಂಡೋ ರೂಪ ಪಡೆದದ್ದು 1940 ಮತ್ತು 50ರ ದಶಕದಲ್ಲಿ, ಸೋಲ್ ನಗರದ ಕೆಲವು ಅಖಾಡಗಳಲ್ಲಿ. ಅಲ್ಲಿನ ಮೊದಲ ಗುರುಗಳಲ್ಲಿ ಹಲವರು ಜಪಾನಿನ ಕರಾಟೆ ಕಲಿತವರು. ಟೇಕ್ವಾಂಡೋ ಅನ್ನೋ ಹೆಸರು ಬಂದದ್ದೇ 1955ರಲ್ಲಿ. ನಮ್ಮ ಅಜ್ಜನಿಗಿಂತ ಚಿಕ್ಕದು. ಹಾಗಂತ ಅದು ಕಳಪೆ ವಿದ್ಯೆ ಅಲ್ಲ, 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಆಟ. ಹೊಸದು, ಅಷ್ಟೆ.

ಈ ವಯಸ್ಸಿನ ಲೆಕ್ಕ ನನಗೆ ಯಾಕೆ ಬೇಕಾಯ್ತು ಅಂದ್ರೆ, ಈ ಸಲದ ಫೆಸ್ಟ್‌ನಲ್ಲಿ ನಮ್ಮ ಕನ್ನಡ ಸಂಘ ಹತ್ತು ನಿಮಿಷದ ಕತ್ತಿವರಸೆ ಪ್ರದರ್ಶನ ಇಟ್ಟುಕೊಂಡಿದೆ. ಮಾಡೋ ಏಳು ಜನರಲ್ಲಿ ನಾಲ್ಕು ಜನ ಟೇಕ್ವಾಂಡೋ ಬೆಲ್ಟಿನವರು, ಉಳಿದವರು ಕೊರಿಯನ್ ಕತ್ತಿಯ ವಿಡಿಯೊ ನೋಡಿ ಬೆತ್ತ ತಿರುಗಿಸೋದು ಕಲಿತವರು. ತಂಡದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರೇ ಜಾಸ್ತಿ ಇರೋದ್ರಿಂದ ಪ್ರದರ್ಶನಕ್ಕೆ "ಕೆಳದಿ ಸಮರಕಲೆ" ಅಂತ ಹೆಸರಿಟ್ಟರು. ನಿರೂಪಣೆ ತಿದ್ದೋ ಕೆಲಸ ನನಗೆ ಬಂತು. ಕರಡಿನ ಮೊದಲ ಸಾಲಲ್ಲೇ "ಐನೂರು ವರ್ಷಗಳಿಂದ ಅವಿಚ್ಛಿನ್ನವಾಗಿ ಹರಿದುಬಂದ" ಅಂತ ಇತ್ತು. ಅವಿಚ್ಛಿನ್ನ ಅಂದ್ರೇನು ಅಂತ ನಿಘಂಟು ತೆಗೆದೆ (ಇಂಗ್ಲಿಷ್ ಮೀಡಿಯಂ, ಏನ್ಮಾಡೋದು). ತುಂಡಾಗದೆ ಬಂದದ್ದು ಅಂತ ಅರ್ಥ. ಹಾಗಾದರೆ ತುಂಡಾಗಿಲ್ಲ ಅಂತ ತೋರಿಸೋದು ಹೇಗೆ? ಸಾವಿರ ಜನರ ಮುಂದೆ ಮೈಕ್‌ನಲ್ಲಿ ಹೇಳೋ ಮಾತು. ಕೇಳಿದವರಲ್ಲಿ ಹತ್ತು ಜನ ಅದನ್ನ ರೀಲ್ ಮಾಡಿ ಹಾಕ್ತಾರೆ. ಮುಂದಿನ ವರ್ಷ ಯಾರೋ ಆ ರೀಲ್ ನೋಡಿ ಅದನ್ನೇ ಆಧಾರ ಅಂತ ಕೊಡ್ತಾರೆ. ಕೊರಿಯಾದಲ್ಲಿ ಸರಿಯಾಗಿ ಹೀಗೇ ಆಗಿದೆ, ಅದಕ್ಕೇ ಮೊದಲು ಅಲ್ಲಿಗೆ ಹೋಗೋಣ.

ಹಾಸ್ಟೆಲ್‌ನಲ್ಲಿ ಕೆ-ಡ್ರಾಮಾ ನೋಡೋರಿಗೆ ಹ್ವಾರಾಂಗ್ ಅನ್ನೋ ಹೆಸರು ಹೊಸದಲ್ಲ. 2016ರಲ್ಲಿ ಅದೇ ಹೆಸರಿನ ಸೀರಿಯಲ್ ಬಂತು, ಬಿಟಿಎಸ್‌ನ ವಿ ನಟಿಸಿದ್ದು. ಕೊರಿಯಾದಲ್ಲಿ ಹಿಂದೆ ಸಿಲ್ಲಾ, ಬೆಕ್‌ಜೆ, ಗೊಗುರ್ಯೊ ಅಂತ ಮೂರು ರಾಜ್ಯಗಳಿದ್ದ ಕಾಲ. ಸಿಲ್ಲಾದ ಒಳ್ಳೆ ಮನೆತನದ ಹುಡುಗರ ಕೂಟಕ್ಕೆ ಹ್ವಾರಾಂಗ್ ಅಂತಿದ್ದರು. ಕೊರಿಯನ್ ಕತ್ತಿವಿದ್ಯೆ ಇವರಿಂದಲೇ ಶುರು ಅನ್ನೋದು ಜನಪ್ರಿಯ ಕಥೆ. 1145ರಲ್ಲಿ ಬರೆದ "ಸಾಂಗುಕ್ ಸಾಗಿ" ಅನ್ನೋ ಇತಿಹಾಸ ಗ್ರಂಥ ಇವರ ಬಗ್ಗೆ ಹೇಳುತ್ತೆ: ಒಬ್ಬರನ್ನೊಬ್ಬರು ಒಳ್ಳೆ ನಡತೆಯಲ್ಲಿ ತಿದ್ದುತ್ತಿದ್ದರು, ಹಾಡು ಸಂಗೀತದಲ್ಲಿ ಖುಷಿಪಡ್ತಿದ್ದರು, ಬೆಟ್ಟ ಹೊಳೆ ಸುತ್ತುತ್ತಿದ್ದರು, ಒಳ್ಳೆ ಸೇನಾಪತಿಗಳು ಇವರಲ್ಲಿಂದ ಬಂದರು. ಕತ್ತಿ ಹಿಡಿಯೋದು ಹೇಗೆ, ಕಾಲು ಎಲ್ಲಿಡಬೇಕು ಅನ್ನೋದರ ಬಗ್ಗೆ ಒಂದಕ್ಷರ ಇಲ್ಲ.

ಕತ್ತಿಗಳೇನೋ ಸಿಕ್ಕಿವೆ. 1971ರಲ್ಲಿ ಬೆಕ್‌ಜೆಯ ರಾಜ ಮುರ್ಯೊಂಗ್‌ನ ಸಮಾಧಿ ಬಯಲಾಯ್ತು. ಆತ ಸತ್ತದ್ದು 523ರಲ್ಲಿ. ಜೊತೆಗಿದ್ದ ಕತ್ತಿಯ ಹಿಡಿಯ ತುದಿಯಲ್ಲಿ ಬಳೆ, ಬಳೆಯೊಳಗೆ ಡ್ರ್ಯಾಗನ್. ನೋಡಿದರೆ ಕಣ್ಣು ಕೀಳೋಕಾಗಲ್ಲ. ಆದರೆ ಕತ್ತಿ ನೋಡಿ ವರಸೆ ಹೇಳೋದು, ಬ್ಯಾಟ್ ನೋಡಿ ಆಡಿದವನು ಕವರ್ ಡ್ರೈವ್ ಹೇಗೆ ಹೊಡೀತಿದ್ದ ಅಂತ ಹೇಳಿದ ಹಾಗೆ.

ಕೊರಿಯಾದವರು ವರಸೆಯನ್ನ ಕಾಗದಕ್ಕೆ ಇಳಿಸಿದ್ದು ಹೆಮ್ಮೆಯಿಂದ ಅಲ್ಲ, ಪೆಟ್ಟು ತಿಂದು. 1592ರಲ್ಲಿ ಜಪಾನಿನ ಸೈನ್ಯ ಬುಸಾನ್‌ನಲ್ಲಿ ಇಳಿಯಿತು, ಸುಮಾರು ಮೂರು ವಾರದಲ್ಲಿ ಸೋಲ್ ಬಿತ್ತು. ಕೊರಿಯಾದ ಸೈನಿಕರ ಮುಖ್ಯ ಬಲ ಬಿಲ್ಲು. ದೂರದಿಂದ ಹೊಡೆಯೋದರಲ್ಲಿ ಎತ್ತಿದ ಕೈ, ಮೈಮೇಲೆ ಬಿದ್ದು ಕತ್ತಿ ಬೀಸೋರ ಮುಂದೆ ಕಷ್ಟ. ಸಹಾಯಕ್ಕೆ ಚೀನಾದ ಮಿಂಗ್ ಸೈನ್ಯ ಬಂತು, ಅವರ ಜೊತೆ ಸೇನಾಪತಿ ಚಿ ಜಿಗ್ವಾಂಗ್ ಬರೆದ ತರಬೇತಿ ಪುಸ್ತಕವೂ ಬಂತು. ಅದನ್ನ ಕೂತು ಅರ್ಥಮಾಡಿಕೊಂಡು ಹಾನ್ ಗ್ಯೊ ಅನ್ನೋ ಅಧಿಕಾರಿ 1598ರಲ್ಲಿ "ಮುಯೆ ಜೆಬೊ" ಸಿದ್ಧಮಾಡಿದ. ಆರೇ ಆರು ಆಯುಧ: ದೊಣ್ಣೆ, ಬೆತ್ತದ ಗುರಾಣಿ, ಕವಲು ಕವಲಾದ ಬಿದಿರಿನ ಈಟಿ, ಉದ್ದ ಈಟಿ, ತ್ರಿಶೂಲದಂಥದ್ದು, ಮತ್ತೆ ಎರಡೂ ಕೈಯಲ್ಲಿ ಹಿಡಿಯೋ ಉದ್ದ ಕತ್ತಿ.

ಈ ಎರಡು ಕೈ ಕತ್ತಿಯ ಪ್ರಯಾಣ ಕೇಳಿ. ಚೀನಾದ ಕರಾವಳಿಗೆ ಜಪಾನಿ ಕಡಲ್ಗಳ್ಳರ ಕಾಟ ಇತ್ತು. ಅವರ ಉದ್ದ ಕತ್ತಿ ನೋಡಿ ಚಿ ಜಿಗ್ವಾಂಗ್ ಅದನ್ನೇ ತನ್ನ ಸೈನಿಕರಿಗೆ ಕಲಿಸಿದ. ಅದು ಪುಸ್ತಕವಾಗಿ ಕೊರಿಯಾಗೆ ಬಂತು, ಜಪಾನಿಗಳನ್ನ ಎದುರಿಸೋಕೆ. ಅಂದರೆ ಕೊರಿಯಾದ ಮೊದಲ ಕತ್ತಿ ಪಾಠದಲ್ಲೇ ಮೂರು ದೇಶ ಸೇರಿಕೊಂಡಿವೆ. "ಶುದ್ಧ ಕೊರಿಯನ್ ಕತ್ತಿ" ಅನ್ನೋ ಮಾತಿಗೆ ಬುಡದಲ್ಲೇ ಜಾಗ ಇಲ್ಲ.

ಮುಂದೆ 1759ರಲ್ಲಿ ರಾಜಕುಮಾರ ಸಾದೊ ಇನ್ನೂ ಹನ್ನೆರಡು ಸೇರಿಸಿ ಹದಿನೆಂಟು ಮಾಡಿಸಿದ. ಅವನ ಮಗ ರಾಜ ಜಂಗ್‌ಜೊ ಕುದುರೆ ಮೇಲಿನ ಆರು ಸೇರಿಸಿ ಇಪ್ಪತ್ನಾಲ್ಕು ಮಾಡಿಸಿದ. 1790ರಲ್ಲಿ ಬಂದ ಆ ಪುಸ್ತಕವೇ "ಮುಯೆ ದೋಬೊ ತೊಂಗ್‌ಜಿ". ಬರೆದವರು ಮೂರು ಜನ. ಯಿ ದೊಕ್‌ಮು ಮತ್ತು ಪಾಕ್ ಜೆಗಾ ಅರಮನೆಯ ಗ್ರಂಥಾಲಯದ ವಿದ್ವಾಂಸರು, ಬೆಕ್ ದೊಂಗ್‌ಸು ಕತ್ತಿ ಹಿಡಿದ ಮನುಷ್ಯ (ಇವನ ಮೇಲೂ 2011ರಲ್ಲಿ ಒಂದು ಸೀರಿಯಲ್ ಬಂದಿದೆ). ಓದೋನೊಬ್ಬ, ಹೊಡೆಯೋನೊಬ್ಬ ಒಟ್ಟಿಗೆ ಕೂತು ಬರೆದದ್ದು ನನಗೆ ಈ ಪುಸ್ತಕದಲ್ಲಿ ತುಂಬಾ ಇಷ್ಟವಾದ ವಿಷಯ. ಥಿಯರಿಯವರೂ ವರ್ಕ್‌ಶಾಪ್‌ನವರೂ ಸೇರಿ ಲ್ಯಾಬ್ ಮ್ಯಾನ್ಯುಯಲ್ ಮಾಡಿದ್ರೆ ಹೇಗಿರುತ್ತೋ ಹಾಗೆ. ನಮ್ಮಲ್ಲಿ ಅದಿನ್ನೂ ಆಗಿಲ್ಲ, ಬಿಡಿ.

ಪುಸ್ತಕದ ಕ್ರಮ ಹೀಗಿದೆ. ಮೊದಲು ಆಯುಧದ ಚಿತ್ರ ಮತ್ತು ಅಳತೆ. ಆಮೇಲೆ ಅದು ಎಲ್ಲಿಂದ ಬಂತು, ಯಾವ ಹಳೇ ಪುಸ್ತಕ ಏನು ಹೇಳುತ್ತೆ ಅನ್ನೋ ಚರ್ಚೆ. ಆಮೇಲೆ ಒಂದೊಂದು ನಿಲುವಿಗೂ ಮನುಷ್ಯನ ಚಿತ್ರ, ಪಕ್ಕದಲ್ಲಿ ವಿವರಣೆ. ಕೊನೆಗೆ ನಿಲುವುಗಳ ಹೆಸರನ್ನ ಗೆರೆಯಿಂದ ಜೋಡಿಸಿದ ನಕ್ಷೆ: ಇಲ್ಲಿಂದ ಹೊರಟು, ಇಲ್ಲಿ ತಿರುಗಿ, ಇಲ್ಲಿ ನಿಲ್ಲು ಅಂತ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಅದು ನೋಡಿದ ಕೂಡಲೇ ಗುರುತು ಸಿಗುತ್ತೆ. ಸ್ಟೇಟ್ ಡಯಾಗ್ರಾಮ್, ಇನ್ನೇನು! ವಿದ್ವಾಂಸರ ಚೀನೀ ಲಿಪಿ ಓದೋಕೆ ಬರದ ಸೈನಿಕರಿಗಾಗಿ ಆಡುಮಾತಿನ ಕೊರಿಯನ್ ಲಿಪಿಯಲ್ಲಿ ಬೇರೆ ಸಂಪುಟವೇ ಮಾಡಿದ್ದಾರೆ.

ಆದರೆ ಆ ಪುಸ್ತಕದ ದೊಡ್ಡತನ ಚಿತ್ರಗಳಲ್ಲಿಲ್ಲ, ಲೇಬಲ್‌ಗಳಲ್ಲಿದೆ. ಜಪಾನಿನಿಂದ ಕಲಿತ ಕತ್ತಿಗೆ "ಜಪಾನಿ ಕತ್ತಿ" ಅಂತಲೇ ಹೆಸರು. ಅದನ್ನ ಕಿಮ್ ಚೆಗೊನ್ ಅನ್ನೋ ಸೈನಿಕ ಕಷ್ಟಪಟ್ಟು ಕಲಿತು ತಂದ ಅಂತ ಅವನ ಹೆಸರು ಸಮೇತ ದಾಖಲೆ ಇದೆ. ದೇಶವನ್ನ ಸುಟ್ಟ ಶತ್ರುವಿನ ವಿದ್ಯೆ ಅಂತ ಮುಚ್ಚಿಟ್ಟಿಲ್ಲ, ನಮ್ಮದೇ ಅಂತ ಬಣ್ಣ ಹಚ್ಚಿಯೂ ಇಲ್ಲ. "ಯೆದೊ" ಅನ್ನೋ ಇನ್ನೊಂದು ಕತ್ತಿಯ ಅಧ್ಯಾಯ ಇನ್ನೂ ಮಜಾ. 1621ರಲ್ಲಿ ಚೀನಾದ ಮಾವ್ ಯುವಾನ್‌ಯಿ ಒಂದು ಭಾರೀ ಯುದ್ಧ ವಿಶ್ವಕೋಶ ಬರೆದ. ಅದರಲ್ಲಿ ಒಂದು ಕತ್ತಿ ಪದ್ಧತಿ ಕೊಟ್ಟು, ಇದು ಜೊಸೊನ್‌ನಿಂದ, ಅಂದ್ರೆ ಕೊರಿಯಾದಿಂದ ಸಿಕ್ಕಿದ್ದು ಅಂತ ಹೇಳಿದ. 1790ರಲ್ಲಿ ಕೊರಿಯಾದವರು ತಮ್ಮದೇ ಪದ್ಧತಿಯನ್ನ ಆ ಚೀನೀ ಪುಸ್ತಕದಿಂದ ವಾಪಸ್ ಎತ್ತಿಕೊಂಡರು, ಎಲ್ಲಿಂದ ತಗೊಂಡೆವು ಅಂತ ಹೇಳಿಯೇ.

"ಬೊಂಗುಕ್‌ಗೊಮ್" ಅಂತ ಒಂದು ಅಧ್ಯಾಯ ಇದೆ, "ಸ್ವಂತ ನಾಡಿನ ಕತ್ತಿ" ಅಂತ ಅರ್ಥ. ಇದರ ಮೂಲವಾಗಿ ಅವರು ಕೊಡೋದು ಹ್ವಾಂಗ್‌ಚಾಂಗ್ ಅನ್ನೋ ಸಿಲ್ಲಾ ಹುಡುಗನ ಕಥೆ. ಅವನು ಶತ್ರುದೇಶ ಬೆಕ್‌ಜೆಗೆ ಹೋಗಿ ಬೀದಿಯಲ್ಲಿ ಕತ್ತಿ ಹಿಡಿದು ಕುಣಿದ. ನೋಡೋಕೆ ಜನ ಗೋಡೆ ಕಟ್ಟಿದ ಹಾಗೆ ನಿಂತರು. ಸುದ್ದಿ ಕೇಳಿ ರಾಜ ಅರಮನೆಗೆ ಕರೆಸಿ ಕುಣಿಸಿದ. ಕುಣಿಯುತ್ತಲೇ ಹುಡುಗ ರಾಜನನ್ನ ಇರಿದ, ತಾನೂ ಸತ್ತ. ಸಿಲ್ಲಾದ ಜನ ಅವನ ಮುಖವಾಡ ಮಾಡಿ ಅದೇ ಕುಣಿತ ಕುಣಿದರು. ಇತಿಹಾಸದಲ್ಲಿ ಹೀಗೆ ಸತ್ತ ಬೆಕ್‌ಜೆ ರಾಜ ಯಾರೂ ಸಿಗಲ್ಲ, ಇದು ದಂತಕಥೆ. ಆದರೆ ಕತ್ತಿಯ ಕುಣಿತ, ಗೊಮ್ಮು, ನಿಜ. ಜಿಂಜು ನಗರದ ಗೊಮ್ಮು 1967ರಿಂದ ಆ ದೇಶದ ಅಧಿಕೃತ ಸಾಂಸ್ಕೃತಿಕ ಪರಂಪರೆ. ಈಗ ಕುಣಿಯೋರು ಹೆಂಗಸರು. ಹಲವು ಕಡೆ ಕೈಯಲ್ಲಿರೋದು ಹಿಡಿಯ ಹತ್ತಿರ ಗಿರಗಿರ ತಿರುಗೋ ಪುಟ್ಟ ಕತ್ತಿ. ಸದ್ದು ಚೆಂದ, ಬೆಳಕು ಚೆಂದ, ಆದರೆ ಸೌತೆಕಾಯಿ ಕೂಡ ಕತ್ತರಿಸಲ್ಲ. ಕುಣಿತ ಉಳಿಯಿತು, ಕತ್ತಿ ಬದಲಾಯ್ತು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಷ್ಟೆಲ್ಲ ಪುಸ್ತಕ ಇದ್ದೂ ಕೊರಿಯಾದಲ್ಲಿ ಕೊಂಡಿ ಉಳಿಯಲಿಲ್ಲ. 1907ರಲ್ಲಿ ಜಪಾನಿನ ಒತ್ತಡದಲ್ಲಿ ಕೊರಿಯಾದ ಸೈನ್ಯವನ್ನೇ ವಿಸರ್ಜಿಸಿದರು. 1910ರಿಂದ 1945ರವರೆಗೆ ದೇಶವೇ ಜಪಾನಿನ ಕೈಯಲ್ಲಿ. ಆ ಕಾಲದಲ್ಲಿ ಶಾಲೆ, ಪೊಲೀಸ್ ಇಲಾಖೆ ಮೂಲಕ ಹರಡಿದ್ದು ಜಪಾನಿನ ಕೆಂಡೊ. ಇವತ್ತಿನ ಕುಮ್ದೊ ಅಂದರೆ ಅದೇ, ಅದೇ ಎರಡು ಅಕ್ಷರಗಳ ಕೊರಿಯನ್ ಉಚ್ಚಾರಣೆ. 1980ರ ದಶಕದಲ್ಲಿ ಹೇದೊಂಗ್ ಗುಮ್ದೊ ಅಂತ ಹೊಸ ಪದ್ಧತಿ ಬಂತು. ಅದನ್ನ ಕಲಿಸೋರು ಮೂಲವನ್ನ ಗೊಗುರ್ಯೊ ಯೋಧರವರೆಗೆ ಎಳೀತಾರೆ. ಸಾವಿರದ ಮುನ್ನೂರು ವರ್ಷದ ಹಿಂದೆ ಮುಗಿದುಹೋದ ರಾಜ್ಯ ಅದು. ನಡುವಿನ ಗುರುಗಳು ಯಾರು ಅಂತ ತೋರಿಸೋ ದಾಖಲೆ ಇಲ್ಲ. ನಮ್ಮ ತಂಡ ನೋಡಿ ಕಲಿತ ವಿಡಿಯೊಗಳಲ್ಲಿ ಹೆಚ್ಚಿನವು ಇದರದ್ದೇ.

1790ರ ಪುಸ್ತಕ ನೋಡಿ ಮರಳಿ ಕಟ್ಟಿದವರೂ ಇದ್ದಾರೆ. ಸುವೊನ್ ನಗರದ ಹ್ವಾಸೊಂಗ್ ಕೋಟೆಯ ಅರಮನೆ ಅಂಗಳದಲ್ಲಿ ಇಪ್ಪತ್ನಾಲ್ಕು ವರಸೆಗಳ ಪ್ರದರ್ಶನ ನಡೆಯುತ್ತೆ. ಅದೇ ಪುಸ್ತಕದ ಅದೇ ಬೊಂಗುಕ್‌ಗೊಮ್ ಅನ್ನ ಬೇರೆ ಬೇರೆ ಸಂಘದವರು ಬೇರೆ ಬೇರೆ ಥರ ಮಾಡ್ತಾರೆ. ಯಾಕೆ? ಚಿತ್ರ ಅಂದ್ರೆ ಫ್ರೇಮ್. ಒಂದು ಫ್ರೇಮ್‌ನಲ್ಲಿ ಕತ್ತಿ ಬಲ ಭುಜದ ಮೇಲಿದೆ, ಮುಂದಿನ ಫ್ರೇಮ್‌ನಲ್ಲಿ ಎಡ ಮೊಣಕಾಲಿನ ಹತ್ತಿರ. ನಡುವೆ ಅದು ಮುಂದಿನಿಂದ ಬಂತಾ, ತಲೆ ಸುತ್ತಿ ಬಂತಾ? ಭಾರ ಯಾವ ಕಾಲಿಗೆ ಬಿತ್ತು, ಉಸಿರು ಯಾವಾಗ ಬಿಟ್ಟ? ಸಿಗ್ನಲ್ಸ್ ಪೇಪರ್ ಪಾಸಾದವರಿಗೆ ಗೊತ್ತು, ಸ್ಯಾಂಪಲ್ ಕಡಿಮೆ ಆದರೆ ಒಂದೇ ಚುಕ್ಕಿಗಳ ಮೇಲೆ ಹತ್ತು ಅಲೆ ಎಳೆಯಬಹುದು. ಗುರು ಇದ್ದಿದ್ದರೆ ಕೈ ಹಿಡಿದು ತೋರಿಸ್ತಿದ್ದ. ಇನ್ನೊಂದು ವಿಷಯ: 2017ರಲ್ಲಿ ಈ ಪುಸ್ತಕ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು. ಸೇರಿಸಿದ್ದು ಉತ್ತರ ಕೊರಿಯಾ. ಪ್ರದರ್ಶನ ದಕ್ಷಿಣದಲ್ಲಿ, ಪಟ್ಟಿಯಲ್ಲಿ ಹೆಸರು ಉತ್ತರದ್ದು.

ಇದನ್ನೆಲ್ಲ ಹೇಳಿದ್ದು ಒಂದು ಅಳತೆಗೋಲು ಬೇಕಿತ್ತು ಅಂತ. ಪುಸ್ತಕ, ಚಿತ್ರ, ನಕ್ಷೆ, ಆಡುಮಾತಿನ ವಿವರಣೆ ಎಲ್ಲ ಇರೋರೇ "ಅವಿಚ್ಛಿನ್ನ" ಅಂದಾಗ ಜನ ಪ್ರಶ್ನೆ ಕೇಳ್ತಾರೆ. ಈಗ ನಮ್ಮ ಕಡೆ ಬನ್ನಿ.

ಕೆಳದಿ ಅರಸರ ರಾಜಧಾನಿಗಳನ್ನ ಲೆಕ್ಕ ಹಾಕಿದರೆ ನಮ್ಮ ತಂಡದ ಊರುಗಳ ಪಟ್ಟಿಯೇ ಆಗುತ್ತೆ. ಕೆಳದಿ, ಆಮೇಲೆ ಇಕ್ಕೇರಿ, ಎರಡೂ ಸಾಗರ ತಾಲ್ಲೂಕು. ಆಮೇಲೆ ಬಿದನೂರು, ಅಂದರೆ ಈಗಿನ ನಗರ, ಹೊಸನಗರ ತಾಲ್ಲೂಕು. ಕವಲೇದುರ್ಗದ ಕೋಟೆ ತೀರ್ಥಹಳ್ಳಿ ತಾಲ್ಲೂಕು. 1500ರ ಆಸುಪಾಸಿನಲ್ಲಿ ಚೌಡಪ್ಪ ನಾಯಕನಿಂದ ಶುರುವಾಗಿ 1763ರಲ್ಲಿ ಹೈದರ್ ಅಲಿ ನಗರ ಹಿಡಿಯೋವರೆಗೆ ಎರಡೂವರೆ ಶತಮಾನಕ್ಕೂ ಜಾಸ್ತಿ. ವಂಶದ ಹುಟ್ಟಿನ ಕಥೆಯಲ್ಲೇ ಕತ್ತಿ ಇದೆ. ಹೊಲ ಉಳುವಾಗ ನಿಧಿ ಸಿಕ್ಕ ಕಥೆ, ಅದರಲ್ಲಿ "ನಾಗರಮುರಿ" ಅಂತ ಹೆಸರಿರೋ ಕತ್ತಿ. ಹ್ವಾಂಗ್‌ಚಾಂಗ್‌ನ ಕಥೆಯ ಹಾಗೆ ಇದೂ ಕೇಳೋಕೆ ರೋಮಾಂಚನ, ಆದರೆ ವರಸೆಯ ಬಗ್ಗೆ ಏನೂ ಹೇಳಲ್ಲ. ಅರಸರ ಬಿರುದು "ಕೋಟೆಕೋಲಾಹಲ". ಯುದ್ಧ ಮಾಡದೆ ಈ ಬಿರುದು ಯಾರೂ ಇಟ್ಟುಕೊಳ್ಳಲ್ಲ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ರಾಣಿ ಚೆನ್ನಮ್ಮ ಔರಂಗಜೇಬನ ಸೈನ್ಯವನ್ನೇ ಎದುರು ಹಾಕಿಕೊಂಡಳು. ಇಲ್ಲಿ ಕತ್ತಿ ಹಿಡಿಯೋಕೆ ಬರೋರು ಇದ್ದರು ಅನ್ನೋದರಲ್ಲಿ ಅನುಮಾನವೇ ಇಲ್ಲ. ಹೇಗೆ ಹಿಡೀತಿದ್ದರು ಅನ್ನೋದೇ ಪ್ರಶ್ನೆ.

ಪುಸ್ತಕ ಇಲ್ಲವಾ ಅಂದ್ರೆ, ಇದೆ. ಕೆಳದಿಯ ಬಸವರಾಜ, ಅಂದರೆ ಚೆನ್ನಮ್ಮನ ನಂತರ ಪಟ್ಟಕ್ಕೆ ಬಂದ ಅವಳ ದತ್ತುಮಗ ಬಸಪ್ಪ ನಾಯಕ, ಸಂಸ್ಕೃತದಲ್ಲಿ "ಶಿವತತ್ತ್ವರತ್ನಾಕರ" ಅನ್ನೋ ವಿಶ್ವಕೋಶವನ್ನೇ ಬರೆದ. ರಾಜನೀತಿಯಿಂದ ಹಿಡಿದು ಸಂಗೀತ, ವೈದ್ಯ, ಅಡುಗೆವರೆಗೆ ಎಲ್ಲ ಅದರಲ್ಲಿದೆ. ಅದಕ್ಕೂ ಐನೂರು ಚಿಲ್ಲರೆ ವರ್ಷ ಮೊದಲು ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರನ "ಮಾನಸೋಲ್ಲಾಸ"ದಲ್ಲಿ ಅಂಕವಿನೋದ ಅಂತ ಆಯುಧ ಹಿಡಿದ ಇಬ್ಬರ ಕಾಳಗದ ಬಗ್ಗೆ, ಮಲ್ಲವಿನೋದ ಅಂತ ಕುಸ್ತಿಯ ಬಗ್ಗೆ ಅಧ್ಯಾಯಗಳೇ ಇವೆ. ಆದರೆ ಎರಡೂ ಪದ್ಯದಲ್ಲಿ, ರಾಜ ಏನೇನು ತಿಳಿದಿರಬೇಕು ಅಂತ ಹೇಳೋಕೆ ಬರೆದದ್ದು. ಸೈನಿಕನ ಕೈಗೆ ಕೊಟ್ಟು ಇದನ್ನ ನೋಡಿ ಕಲಿ ಅಂತ ಹೇಳೋ ಪುಸ್ತಕ ಅಲ್ಲ. ಚಿತ್ರ ಇಲ್ಲ, ನಕ್ಷೆ ಇಲ್ಲ.

ಯಾಕೆ ಬರೆದಿಡಲಿಲ್ಲ ಅಂತ ಬೈಯೋದು ಸುಲಭ. ನನಗನ್ನಿಸೋದು ಬೇರೆ. ಎಲ್ಲರಿಗೂ ಗೊತ್ತಿರೋದನ್ನ ಯಾರೂ ಬರೆದಿಡಲ್ಲ. ನಮ್ಮೂರಲ್ಲಿ ಕತ್ತಿ ಅಂದ್ರೆ ಮೊದಲು ನೆನಪಾಗೋದು ತೋಟದ ಕತ್ತಿ, ಆಮೇಲೆ ಅಡಿಕೆ ಸುಲಿಯೋ ಮೆಟ್ಟುಗತ್ತಿ. ಸುಗ್ಗಿಯಲ್ಲಿ ಸಾಲಾಗಿ ಕೂತ ಹೆಂಗಸರು ನೋಡದೆಯೇ ಚಕಚಕ ಸುಲೀತಾರೆ, ಬೆರಳಿಗೆ ಒಂದು ಗೀರೂ ಆಗಲ್ಲ. ಆ ಮಣಿಕಟ್ಟಿನ ಚಲನೆಯನ್ನ ಚಿತ್ರ ಬರೆದು ಪುಸ್ತಕ ಮಾಡಿದವರು ಯಾರಿದ್ದಾರೆ? ಪಕ್ಕದಲ್ಲಿ ಕೂತು ಕಲೀತಾರೆ, ಮುಗೀತು. ಇಕ್ಕೇರಿಯಲ್ಲಿ ಕೋಲಾಟ ಆಡುತ್ತಿದ್ದ ಹುಡುಗಿಯರ ಬಗ್ಗೆ ವಿವರವಾಗಿ ಬರೆದದ್ದು 1623ರಲ್ಲಿ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ. ಅವನಿಗೆ ಅದು ಹೊಸದು, ಊರವರಿಗೆ ಅದರಲ್ಲೇನಿದೆ ಅಂತ. ಕೊರಿಯಾದವರು ಬರೆದದ್ದೂ ವಿದ್ಯೆ ತಮ್ಮಲ್ಲಿಲ್ಲ ಅಂತ ಯುದ್ಧದಲ್ಲಿ ಗೊತ್ತಾದ ಮೇಲೆ. ಕೆಳದಿಯವರಿಗೆ ಹಾಗೆ ಕೂತು ಬರೆಯೋ ಎರಡನೇ ಅವಕಾಶ ಸಿಗಲಿಲ್ಲ. 1763ರಲ್ಲಿ ರಾಜ್ಯವೇ ಹೋಯ್ತು. ಹೈದರನದ್ದು ಬೇರೆಯೇ ಥರದ ಸೈನ್ಯ, ಕುದುರೆ ಮತ್ತು ಬಂದೂಕಿನದ್ದು. ಆಮೇಲೆ ಮೈಸೂರು ಸಂಸ್ಥಾನದಲ್ಲಿ ಹಳ್ಳಿಯ ಕಂದಾಚಾರ ಪಡೆ ಇತ್ತು, ಅವರೂ ಹೋಗ್ತಾ ಹೋಗ್ತಾ ಕಂದಾಯ, ಪೊಲೀಸ್ ಕೆಲಸದ ಪೇದೆಗಳಾದರು. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನ ಅಡಗಿಸಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ತಗೊಂಡರು. ಅಷ್ಟೊತ್ತಿಗೆ ಕತ್ತಿ ಕಲಿಸೋನಿಗೆ ಸಂಬಳ ಕೊಡೋರು ಯಾರೂ ಉಳಿದಿರಲಿಲ್ಲ.

ಹಾಗಾದರೆ ಏನೂ ಉಳಿದಿಲ್ಲವಾ? ಉಳಿದಿದೆ, ಚೂರು ಚೂರು. ವೀರಗಲ್ಲುಗಳನ್ನ ನೋಡಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ, ನಮ್ಮ ತಾಲ್ಲೂಕುಗಳಲ್ಲಿ ಕೆರೆ ಏರಿ, ದೇವಸ್ಥಾನದ ಪಕ್ಕ ಎಲ್ಲ ಕಡೆ ಸಿಗುತ್ತೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನ ಕರೆದೊಯ್ಯೋದು, ಮೇಲೆ ಶಿವನ ಸನ್ನಿಧಿ. ಹೆಚ್ಚಿನವು ಕೆಳದಿಗಿಂತ ಹಳೆಯವು. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ, ಮೊಣಕಾಲು ಬಾಗಿದೆ. ಅದೂ ಫ್ರೇಮ್ ತಾನೇ ಅಂತೀರ? ಹೌದು, ಕಲ್ಲಿಗೊಂದೇ ಫ್ರೇಮ್. ಮೇಲಾಗಿ ಶಿಲ್ಪಿ ತನ್ನ ಗುರು ಕೆತ್ತಿದ ಹಾಗೆ ಕೆತ್ತಿದನೋ, ಕಾಳಗ ನೋಡಿ ಕೆತ್ತಿದನೋ ಅನ್ನೋ ಪ್ರಶ್ನೆ ಬೇರೆ. ಆದರೂ ಒಂದು ಕೈ ಕತ್ತಿ, ಒಂದು ಕೈ ಗುರಾಣಿ ಅನ್ನೋದು ಗಟ್ಟಿ. ನಮ್ಮ ತಂಡ ಅಭ್ಯಾಸ ಮಾಡ್ತಿರೋದು ಎರಡೂ ಕೈಯಲ್ಲಿ ಹಿಡಿದ ಕೊರಿಯನ್ ಕತ್ತಿ! ಇಷ್ಟು ಸಾಕಿತ್ತು, ಆ ಹೆಸರು ಒಪ್ಪಲ್ಲ ಅಂತ ಹೇಳೋಕೆ.

ಇನ್ನೊಂದು ಚೂರು ವೀರಗಾಸೆ. ಕೆಂಪು ಬಟ್ಟೆ, ಬಲಗೈಯಲ್ಲಿ ಬಿಚ್ಚುಗತ್ತಿ, ಎಡಗೈಯಲ್ಲಿ ವೀರಭದ್ರನ ಮರದ ಫಲಕ. ಕರಡೆ, ಸಂಬಾಳದ ಪೆಟ್ಟಿಗೆ ಹೆಜ್ಜೆ, ನಡುನಡುವೆ ನಿಲ್ಲಿಸಿ ಗಟ್ಟಿ ದನಿಯಲ್ಲಿ ಒಡಪು. ಆ ಫಲಕ ಹಿಡಿಯೋ ಎಡಗೈ ನೋಡಿ, ಗುರಾಣಿ ಹಿಡಿದ ಕೈಯ ಹಾಗೇ ಇದೆ. "ನೋಡಿದ್ಯಾ ಮಾರಾಯ, ಇದೇ ಕೆಳದಿ ವರಸೆ" ಅಂತ ತಂಡದ ಒಬ್ಬ ಕುಣಿದೇಬಿಟ್ಟ. ನಿಧಾನ. ಜಿಂಜುವಿನ ಗೊಮ್ಮು ನೆನಪಿದೆಯಲ್ಲ? ಕುಣಿತ ತನ್ನ ಲೆಕ್ಕದಲ್ಲೇ ಬದಲಾಗುತ್ತೆ, ತಾಳಕ್ಕೆ, ನೋಡೋರಿಗೆ, ದೇವರಿಗೆ. ವೀರಗಾಸೆ ದಕ್ಷಯಜ್ಞದ ಕಥೆಯ ಕುಣಿತ, ಭಕ್ತಿಯ ಕುಣಿತ. ಅದನ್ನ ಕುಣಿಯೋರು ಕೂಡ ಇದು ಸೈನಿಕ ತರಬೇತಿ ಅಂತ ಹೇಳಿಕೊಳ್ಳಲ್ಲ. ಅವರು ಹೇಳದ ಹೆಸರನ್ನ ನಾವು ಅಂಟಿಸೋದು ಸರಿಯಲ್ಲ. ಆದರೆ ಕತ್ತಿಯ ತೂಕ ತಡೆದುಕೊಂಡು ಗಂಟೆಗಟ್ಟಲೆ ಮಂಡಿ ಬಗ್ಗಿಸಿ ತಿರುಗೋ ಮೈ ಇದೆಯಲ್ಲ, ಗುರು ಶಿಷ್ಯನಿಗೆ ತೋರಿಸಿಯೇ ಬಂದದ್ದು ಅದು. ಅವಿಚ್ಛಿನ್ನ ಅನ್ನೋ ಪದಕ್ಕೆ ಹತ್ತಿರ ಬರೋದು ನಮ್ಮ ಕಡೆ ಇದೇ.

ತಂಡದಲ್ಲಿ ಇನ್ನೊಂದು ಐಡಿಯಾ ಬಂತು, ಕಳರಿಪಯಟ್ಟು ಸೇರಿಸೋಣ ಅಂತ. ಕಾರಣ ಪೂರ್ತಿ ತಳ್ಳಿಹಾಕೋ ಹಾಗಿಲ್ಲ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಕಾಲದಲ್ಲಿ ಕೆಳದಿ ಕಾಸರಗೋಡಿನ ಆಚೆಗೂ ಚಾಚಿತ್ತು. ಬೇಕಲ ಕೋಟೆ ಕಟ್ಟಿಸಿದ್ದು ಅವನೇ ಅಂತ ಹೇಳ್ತಾರೆ. ಅಲ್ಲಿಂದ ಮುಂದೆ ಕಳರಿ ನಾಡು. ಎರಡು ಕಡೆಯ ಕತ್ತಿಗಳು ಒಂದಕ್ಕೊಂದು ತಾಗದೆ ಇರೋ ಸಾಧ್ಯತೆಯೇ ಇಲ್ಲ. ಆದರೆ ಎದುರಾಗಿ ಹೊಡೆದಾಡಿದರು ಅನ್ನೋದಕ್ಕೂ, ಒಬ್ಬರಿಂದ ಒಬ್ಬರು ಕಲಿತರು ಅನ್ನೋದಕ್ಕೂ ನಡುವೆ ಒಂದು ಕಿಮ್ ಚೆಗೊನ್ ಬೇಕು, ಹೆಸರಿರೋ ಮನುಷ್ಯ, ಬರೆದಿಟ್ಟ ಸಾಲು. ಕಳರಿ ಸೇರಿಸಿ, ಧಾರಾಳವಾಗಿ. ಕಳರಿ ಅಂತಲೇ ಹೇಳಿ ಸೇರಿಸಿ.

ನನ್ನ ವಾದ ಮೀಟಿಂಗ್‌ನಲ್ಲಿ ಎಲ್ಲರಿಗೂ ಹಿಡಿಸಲಿಲ್ಲ. "ಹೀಗೆ ಹೇಳಿದ್ರೆ ಯಾರು ಚಪ್ಪಾಳೆ ಹೊಡೀತಾರೆ?" ಅಂತ ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ನಾನು ಹೊಸ ಕರಡು ಓದಿದೆ. ಪ್ರದರ್ಶನದ ಹೆಸರು "ಎರಡು ನಾಡಿನ ಕತ್ತಿ". ಮೊದಲ ನಾಲ್ಕು ನಿಮಿಷ ಕೊರಿಯನ್ ಕತ್ತಿ, ಹೇದೊಂಗ್ ಗುಮ್ದೊ ವಿಡಿಯೊ ನೋಡಿ ಕಲಿತದ್ದು, ಆ ಪದ್ಧತಿಗೆ ಸುಮಾರು ನಲವತ್ತು ವರ್ಷ ವಯಸ್ಸು ಅಂತ ಮೈಕ್‌ನಲ್ಲಿ ಹೇಳೋದು. ಆಮೇಲೆ ಹ್ವಾಂಗ್‌ಚಾಂಗ್‌ನ ಕಥೆ, ಕಥೆ ಅಂತಲೇ, ಬೆಳಕು ಆರಿಸಿ. ಅದರ ಬೆನ್ನಿಗೇ ಕರಡೆಯ ಪೆಟ್ಟು, ಹಿಂದಿನ ಬಾಗಿಲಿಂದ ನಿಜವಾದ ವೀರಗಾಸೆ ತಂಡ, ಅವರ ಊರು ಹೆಸರು ಹೇಳಿ. ಕೊನೆಗೆ ಪರದೆ ಮೇಲೆ ವೀರಗಲ್ಲಿನ ಚಿತ್ರ, ಅದರ ಮುಂದೆ ನಮ್ಮ ಇಬ್ಬರು ಬೆತ್ತ ಮತ್ತು ತಟ್ಟೆ ಹಿಡಿದು ಅದೇ ನಿಲುವಿನಲ್ಲಿ ನಿಲ್ಲೋದು. ನಿಲುವು ಮಾತ್ರ, ಮುಂದಿನ ಚಲನೆ ಇಲ್ಲ. ಕರಡೆ ಅಂದ ಕೂಡಲೇ ಚಪ್ಪಾಳೆಯ ಪ್ರಶ್ನೆ ಕೇಳಿದವಳೇ ವೀರಗಾಸೆಯವರಿಗೆ ಫೋನ್ ಮಾಡೋ ಜವಾಬ್ದಾರಿ ತಗೊಂಡಳು. ಬಜೆಟ್ ಇನ್ನೂ ಪಾಸಾಗಿಲ್ಲ.

ಫೆಸ್ಟ್ ಏನೇ ಆಗಲಿ, ಒಂದು ಕೆಲಸ ಈಗಲೇ ಮಾಡಬಹುದು. 1790ರವರಿಗೆ ಇಲ್ಲದ ಒಂದು ವಸ್ತು ನಮ್ಮೆಲ್ಲರ ಜೇಬಿನಲ್ಲಿದೆ. ಸೆಕೆಂಡಿಗೆ ಇನ್ನೂರನಲವತ್ತು ಫ್ರೇಮ್ ತೆಗೆಯೋ ಫೋನ್. ವೀರಗಾಸೆಯ ಹಿರಿಯರೊಬ್ಬರನ್ನ ಒಪ್ಪಿಸಿ, ವಾದ್ಯ ಇಲ್ಲದೆ ಒಮ್ಮೆ, ವಾದ್ಯದ ಜೊತೆ ಒಮ್ಮೆ, ಎದುರಿನಿಂದ, ಪಕ್ಕದಿಂದ, ಕಾಲಿನ ಮಟ್ಟದಿಂದ ಹಿಡಿಯಬೇಕು. ಪ್ರತಿ ಹೆಜ್ಜೆಗೆ ಅವರು ಏನು ಹೆಸರು ಹೇಳ್ತಾರೋ ಅದನ್ನೇ ಬರೆದುಕೊಳ್ಳಬೇಕು, ನಮ್ಮ ಹೆಸರು ಇಡಬಾರದು. ಯಾರಿಂದ ಕಲಿತಿರಿ ಅಂತ ಕೇಳಬೇಕು, ಅವರು ಯಾರಿಂದ ಅಂತಲೂ. ವಿಡಿಯೊ ಅವರ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕೋ ಹಾಗಿಲ್ಲ, ಒಂದು ಪ್ರತಿ ಅವರ ಮನೆಗೇ ಕೊಡಬೇಕು. ಸಿಎಸ್‌ನವರು ಯಾರಾದರೂ ಮೈಯ ಕೀಲುಗಳನ್ನ ಗುರುತಿಸೋ ಪ್ರೋಗ್ರಾಂ ಓಡಿಸಿದರೆ ಸ್ಟೇಟ್ ಡಯಾಗ್ರಾಮ್ ಕೂಡ ಎಳೆಯಬಹುದು. ಮಿನಿ ಪ್ರಾಜೆಕ್ಟ್‌ಗೆ ವಿಷಯ ಇಲ್ಲ ಅಂತ ಒದ್ದಾಡ್ತಿರೋರು ಗಮನಿಸಿ.

ಕಾರ್ತಿಕದಲ್ಲಿ ಊರೂರಲ್ಲಿ ಕುಣಿತ ಇರುತ್ತೆ, ಆವಾಗ ಹೋದರೆ ಒಳ್ಳೇದು. ರಾತ್ರಿ ತಾಳಗುಪ್ಪ ಟ್ರೈನ್ ಹತ್ತಿದರೆ ಬೆಳಗ್ಗೆ ಸಾಗರ ಜಂಬಗಾರು ಸ್ಟೇಷನ್. ಉಳಿಯೋಕೆ ನಮ್ಮನೆ ಇದೆ, ಅಮ್ಮನಿಗೆ ನಾಲ್ಕು ಜನ ಅಂತ ಹೇಳಿದೀನಿ. ಮೂರು ಜನ ಆಗಿದ್ದೀವಿ. ಟ್ರೈಪಾಡ್ ಇರೋರು ಒಬ್ಬರು ಬೇಕು.